ಬ್ಲೇಡು ಎತ್ತುವ ಜಾಗ

ನಮ್ಮ ಕೌಂಟಿಯಲ್ಲಿ ರಸ್ತೆಗಳು ಬಾಗುವುದಿಲ್ಲ.
ಮೈಲಿಗೊಂದು ಉತ್ತರಕ್ಕೆ, ಮೈಲಿಗೊಂದು ಪೂರ್ವಕ್ಕೆ.
ಸರಪಳಿ ಹಿಡಿದು ಬಂದ ಸರ್ವೆಯವರು
ಹುಲ್ಲುಗಾವಲಿಗೆ ಚೌಕಳಿ ಕಂಬಳಿ ಹೊದಿಸಿ ಹೋದರು,
ಕೆಳಗೆ ಯಾರು ಮಲಗಿದ್ದಾರೆಂದು ಕೇಳದೆ.

ಆರ್ಲೋ ಹ್ರುಸ್ಕಾ ಮೂವತ್ತೆಂಟು ವರ್ಷ
ಜಲ್ಲಿರಸ್ತೆ ಹೆರೆದವನು. ಹಳದಿ ಗ್ರೇಡರ್,
ಥರ್ಮಾಸಿನಲ್ಲಿ ಕಾಫಿ, ರೇಡಿಯೋದಲ್ಲಿ ಹಂದಿಯ ಧಾರಣೆ.
ಇತಿಹಾಸ ಸಂಘದ ಮೇಜಿಗೆ ಬಂದ
– ಸಂಘವೆಂದರೆ ನಾನು, ಬುಧವಾರ, ಒಂದು ಹೀಟರು –
ಟೋಪಿ ತೆಗೆದು ಹೇಳಿದ:
"ನೂರಾ ಹದಿನಾಲ್ಕನೇ ರಸ್ತೆ, ಕ್ವಾಲೆಯವರ ಹೊಲದ ಮೂಲೆ.
ಅಲ್ಲಿ ಹತ್ತು ಹೆಜ್ಜೆ ಬ್ಲೇಡು ಎತ್ತಬೇಕು.
ನನಗೆ ಡೆಲ್ಬರ್ಟ್ ಹೇಳಿಕೊಟ್ಟ, ಅವನಿಗೆ ಅವನ ಮಾವ.
ಮಾವನ ಕಾಲಕ್ಕೆ ಎಳೆಯುತ್ತಿದ್ದದ್ದು ನಾಲ್ಕು ಕುದುರೆ.
ಯಾಕೆ ಅಂತ ಮಾತ್ರ ಯಾರೂ ಹೇಳಲಿಲ್ಲ.
ಮಾರ್ಚಿಗೆ ನನ್ನ ನಿವೃತ್ತಿ. ಹೊಸಬರಿಗೆ ಏನಂತ ಹೇಳಲಿ?"

ಹುಡುಕಿದೆ.
ಕೋರ್ಟ್‌ಹೌಸಿನ ನೆಲಮಾಳಿಗೆ, ಬಾಯ್ಲರಿನ ಬೆನ್ನ ಹಿಂದೆ:
ತೋಳ ಕೊಂದವರಿಗೆ ಕೊಟ್ಟ ಇನಾಮಿನ ಲೆಕ್ಕ,
ದಿಕ್ಕಿಲ್ಲದವರ ಮನೆಗೆ ಕೊಂಡ ಮೂರು ಕಂಬಳಿ,
ಯಾರ ಹಂದಿ ಯಾರದೆಂದು ತಿಳಿಯಲು ಕಿವಿಯ ಚಿತ್ರಗಳು,
ಎಡಗಿವಿ ಸೀಳು, ಬಲಗಿವಿ ತೂತು.
ಒಬ್ಬ ಮನುಷ್ಯನ ಮುಖವೂ ಇಲ್ಲದ ಪುಸ್ತಕದಲ್ಲಿ
ಹಂದಿಯ ಕಿವಿಗಳನ್ನು ಎಷ್ಟು ಮುತುವರ್ಜಿಯಿಂದ ಬರೆದಿದ್ದಾರೆ!

ಐದನೇ ಬುಧವಾರ ಸಿಕ್ಕಿತು.
ಸಾವಿರದ ಎಂಟುನೂರ ಎಂಬತ್ತೊಂದು,
ರಸ್ತೆ ಮೇಲ್ವಿಚಾರಕನ ಗಾಳಿಗೆ ವಾಲಿದ ಅಕ್ಷರ:
"ವಿಧವೆ ಗುನ್‌ಹಿಲ್ಡ್ ಕ್ವಾಲೆಗೆ ನಾಲ್ಕು ಡಾಲರ್,
ಹೊಲದಂಚಿನ ಪಟ್ಟಿಯ ಬಾಬ್ತು. ಆಕೆಯದೊಂದು ಷರತ್ತು..."
ಮುಂದೆಲ್ಲ ಐವತ್ತೊಂದರ ನೆರೆಯ ನೀರು,
ಕಂದು ಕಲೆ, ನಕ್ಷೆಯ ಮೇಲಿನ ಸರೋವರದ ಹಾಗೆ.
ಅದರ ದಡಕ್ಕೆ ತೇಲಿ ಬಂದು ನಿಂತ ಒಂದೇ ಪದ:
"ನಿಧಾನ".

ಊರನ್ನು ಕೇಳಿದರೆ ಊರಿಗೆ ನೂರು ಬಾಯಿ.
ಮಗುವಿನ ಗೋರಿ ಎಂದಳು ಕೆಫೆಯ ಲವೋನ್,
ಗಂಟಲಮಾರಿಯ ಚಳಿಗಾಲ, ಚರ್ಚಿನ ನೆಲ ಕಲ್ಲಾಗಿತ್ತಂತೆ,
ಸ್ವಂತ ಕಣ್ಣಲ್ಲಿ ಕಂಡವಳಂತೆ ಮೂಗೊರೆಸಿಕೊಂಡಳು.
ಧಾನ್ಯದ ಗೋಪುರದಡಿ ಕೂರುವ ಗಂಡಸರಿಗೆ
ಅದು ಹೂತಿಟ್ಟ ವಿಸ್ಕಿ, ಬೇರೇನೂ ಆಗಲಾರದು.
ರೋವೀನಾ ಗ್ರೀನ್‌ಗ್ರಾಸ್, ಹೋ-ಚಂಕ್ ಜನದ ನರ್ಸು,
ನನ್ನ ರಕ್ತದೊತ್ತಡ ನೋಡುತ್ತ ಅಂದಳು:
"ರಸ್ತೆಗೆ ಮೊದಲು ಅಲ್ಲೊಂದು ದಾರಿಯಿತ್ತಲ್ಲ.
ನೀನು ಶುರು ಮಾಡಿದ್ದೇ ಕ್ವಾಲೆಯಿಂದ."
ಪಟ್ಟಿ ಬಿಚ್ಚಿದಳು, ಉಸ್ಸೆಂದು ಗಾಳಿ ಹೋಯಿತು.
ಏನು ಹೇಳಬೇಕೋ ತೋಚಲಿಲ್ಲ.

ಆರ್ಲೋ ಮಾರ್ಚಿನಲ್ಲಿ ಮಂಡಿಯ ಆಪರೇಷನ್ನಿಗೆ ಹೋದ,
ಯಾರಿಗೂ ಏನೂ ಹೇಳದೆ.
ಬಂದವಳು ಟೆಸ್ ಓಲ್ಡನ್‌ಬರ್ಗ್, ಇಪ್ಪತ್ತಮೂರು,
ಕಿವಿಯಲ್ಲಿ ಹಾಡು, ಕೆನ್ನೆಯಲ್ಲಿ ಸೂರ್ಯಕಾಂತಿ ಬೀಜ.
ನಾನು ಕಾರು ನಿಲ್ಲಿಸಿ ಕಾದೆ.
ಜಲ್ಲಿ ಕರಕರ ಅನ್ನುತ್ತ ಬಂತು ಯಂತ್ರ,
ಮೂಲೆಗೆ ಬಂತು,
ಬ್ಲೇಡು ಎದ್ದಿತು.

"ಯಾರು ಹೇಳಿಕೊಟ್ಟರು?" ಕೂಗಿದೆ.
"ಹೇಳೋದೇನು? ದಿಬ್ಬ ಇದೆಯಲ್ಲ!"

ಇಳಿದು ನಡೆದು ನೋಡಿದೆ. ಇತ್ತು.
ನೂರ ನಲವತ್ತು ವರ್ಷ ಅತ್ತಿತ್ತಲ ರಸ್ತೆ
ಹೆರೆದು ಹೆರೆದು ಕೆಳಗಿಳಿದಿತ್ತು.
ಇದು ಎದ್ದ ದಿಬ್ಬವಲ್ಲ,
ಇಳಿಯದೆ ಉಳಿದ ನೆಲ.
ಗುನ್‌ಹಿಲ್ಡ್ ನಿಂತ ಎತ್ತರ ಅಷ್ಟೇ ಇದ್ದಿರಬೇಕು.
ಅವಳಿಗೆ ಮೊದಲು ನಡೆದವರದೂ.

ಮನೆಗೆ ಮರಳುವ ಆತುರ, ಬರೆದುಕೊಳ್ಳುವ ಹುಮ್ಮಸ್ಸು.
ಕಾರು ಎಗರಿಬಿತ್ತು.
ಕಾಫಿ ಚೆಲ್ಲಿ ನೋಟ್‌ಬುಕ್ಕಿನ ಮೇಲೆ
ಇನ್ನೊಂದು ಕಂದು ಸರೋವರ.
ಓದಿದ್ದೆನಲ್ಲ, ನಾನೇ.